ನೆರೆಯವರ ಜೇಬಿನಲ್ಲಿ ನಮ್ಮ ರೂಪಾಯಿ

ನೋಟಿನ ಮೇಲೆ ಅಶೋಕ ಸ್ತಂಭದ ಸಿಂಹಗಳಿವೆ. ರಿಸರ್ವ್ ಬ್ಯಾಂಕ್ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ ಅವರ ರುಜು ಇದೆ. ಹತ್ತು ರೂಪಾಯಿ ಎಂದೂ ಬರೆದಿದೆ. ಬಣ್ಣ ಮಾತ್ರ ಕೆಂಪು. ಕ್ರಮಸಂಖ್ಯೆಯ ಮುಂದೆ ‘ಝಡ್’ ಅಕ್ಷರ. 1959ರಲ್ಲಿ ಚಲಾವಣೆಗೆ ಬಂದ ಈ ನೋಟು ಹಿಡಿದು ಮುಂಬಯಿಯ ಯಾವುದಾದರೂ ಅಂಗಡಿಗೆ ಹೋಗಿದ್ದರೆ ಒಂದು ಕಟ್ಟು ಬೀಡಿಯೂ ಸಿಗುತ್ತಿರಲಿಲ್ಲ. ಭಾರತ ಸರ್ಕಾರದ್ದೇ ಹಣ, ಆದರೆ ಭಾರತದಲ್ಲಿ ನಡೆಯದ ಹಣ. ಅದು ನಡೆಯುತ್ತಿದ್ದುದು ಕುವೈತ್, ಬಹರೇನ್, ದೋಹಾ, ದುಬೈ, ಮಸ್ಕತ್‌ಗಳಲ್ಲಿ. ಅಲ್ಲಿನ ಕೂಲಿಗೆ, ಅಕ್ಕಿಗೆ, ಅಂಗಡಿ ಬಾಡಿಗೆಗೆ, ಶೇಖರ ಖಜಾನೆಗೆ ಅದೇ ಹಣ. ಜನ ಅದನ್ನು ‘ಗಲ್ಫ್ ರೂಪಾಯಿ’ ಎಂದು ಕರೆದರು.

ಈ ನೋಟಿನ ಆಯುಸ್ಸು ಬಹುಪಾಲು ಕಡೆ ಏಳು ವರ್ಷದ ಆಸುಪಾಸನ್ನು ದಾಟಲಿಲ್ಲ. ಅದು ಹುಟ್ಟಿದ್ದು ಚಿನ್ನದ ಕಳ್ಳಸಾಗಣೆಯಿಂದ, ಸತ್ತದ್ದು ದೆಹಲಿಯ ಒಂದು ಭಾನುವಾರದ ನಿರ್ಧಾರದಿಂದ. ಒಂದು ದೇಶ ತನ್ನ ಹಣದ ಬೆಲೆ ಬದಲಿಸಿದಾಗ ಗಡಿಯಾಚೆಯ ವರ್ತಕನಿಗೆ, ಕೂಲಿಗೆ, ಪಿಂಚಣಿದಾರನಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಹೊರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಮುತ್ತಿನ ಜೊತೆ ಹೋದ ನಾಣ್ಯ

ಪರ್ಷಿಯಾ ಕೊಲ್ಲಿಗೆ ರೂಪಾಯಿ ಹೋದದ್ದು ವ್ಯಾಪಾರದ ಹಾದಿಯಲ್ಲಿ. ಕೊಲ್ಲಿಯ ಮುತ್ತಿಗೆ ಮುಂಬಯಿಯೇ ಮಾರುಕಟ್ಟೆ. ಮುತ್ತು ಮಾರಿ ಬಂದ ಹಣದಲ್ಲಿ ಅಕ್ಕಿ, ಬಟ್ಟೆ, ಸಂಬಾರ ಪದಾರ್ಥ, ಮಲಬಾರಿನ ಮರ ಕೊಂಡು ಅರಬ್ಬರ ಮಂಜಿಗಳು ಹಿಂದಿರುಗುತ್ತಿದ್ದವು. ಬರುವಾಗ ಖರ್ಜೂರ, ಹೋಗುವಾಗ ಅಕ್ಕಿ. ಎರಡೂ ಕಡೆಯ ಲೆಕ್ಕ ರೂಪಾಯಿಯಲ್ಲಿದ್ದರೆ ಯಾರಿಗೂ ತಕರಾರಿಲ್ಲ. ಬ್ರಿಟಿಷರ ಆಡಳಿತವೂ ಇದಕ್ಕೆ ಒತ್ತಾಸೆಯಾಯಿತು. ಕೊಲ್ಲಿಯ ಶೇಖರ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ರೆಸಿಡೆಂಟ್ ಭಾರತ ಸರ್ಕಾರದ ಅಧಿಕಾರಿಯಾಗಿದ್ದ. ಅಂಚೆಯೂ ಭಾರತದ್ದೇ ಆಗಿತ್ತು. ಮರಿಯಾ ಥೆರೇಸಾ ಬೆಳ್ಳಿ ನಾಣ್ಯ, ಇರಾನಿನ ಕ್ರಾನ್ ಇವೆಲ್ಲದರ ನಡುವೆ ನುಗ್ಗಿದ ರೂಪಾಯಿ ಇಪ್ಪತ್ತನೇ ಶತಮಾನದ ಹೊತ್ತಿಗೆ ಅಲ್ಲಿನ ಮುಖ್ಯ ಹಣವಾಯಿತು.

1947ರಲ್ಲಿ ಭಾರತ ಸ್ವತಂತ್ರವಾಯಿತು. ಕೊಲ್ಲಿಯ ಅಂಚೆಯನ್ನು ಲಂಡನ್ ವಹಿಸಿಕೊಂಡಿತು. ಆದರೂ ಹಣ ಬದಲಾಗಲಿಲ್ಲ. 1948ರ ನಂತರದ ಅಲ್ಲಿನ ಅಂಚೆಚೀಟಿಗಳನ್ನು ನೋಡಬೇಕು: ಬ್ರಿಟನ್ನಿನ ದೊರೆಯ ಮುಖ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಒತ್ತಿದ ಆಣೆ, ರೂಪಾಯಿ. 1957ರಲ್ಲಿ ಭಾರತ ದಶಮಾಂಶ ಪದ್ಧತಿಗೆ ಬಂದಾಗ ಆ ಚೀಟಿಗಳ ಮೇಲೂ ಆಣೆ ಹೋಗಿ ನಯಾ ಪೈಸೆ ಬಂತು. ದೆಹಲಿಯಲ್ಲಿ ಆಣೆ ಬಿಟ್ಟರೆ ದೋಹಾದ ಅಂಚೆ ಕಚೇರಿಯಲ್ಲೂ ಬಿಡಬೇಕಾಗಿತ್ತು.

ಅಷ್ಟರಲ್ಲಿ ಮುತ್ತಿನ ಕಾಲ ಮುಗಿದು ತೈಲದ ಕಾಲ ಶುರುವಾಗಿತ್ತು. ಜಪಾನಿನ ಸಾಕುಮುತ್ತು ಕೊಲ್ಲಿಯ ಮುಳುಗುಗಾರರ ಅನ್ನ ಕಸಿದಿತ್ತು. 1932ರಲ್ಲಿ ಬಹರೇನ್, 1938ರಲ್ಲಿ ಕುವೈತ್‌ನಲ್ಲಿ ತೈಲ ಸಿಕ್ಕಿತು. ತೈಲ ಕಂಪನಿಗಳಿಗೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಫಿಟ್ಟರುಗಳು, ಅಡುಗೆಯವರು ಬೇಕಾದರು. ಮುಂಬಯಿಯ ಮೂಲಕ ಭಾರತೀಯರು ಹೋದರು. ಕೇರಳ, ಗೋವಾ, ನಮ್ಮ ಮಂಗಳೂರು, ಭಟ್ಕಳದ ಕಡೆಯವರಿಗೆ ಕೊಲ್ಲಿಯ ಹಾದಿ ಹೀಗೆ ಪರಿಚಯವಾಯಿತು. ಅಲ್ಲಿನ ಸಂಬಳ ರೂಪಾಯಿಯಲ್ಲಿ, ಮನೆಯ ಖರ್ಚೂ ರೂಪಾಯಿಯಲ್ಲಿ. ಅಲ್ಲಿ ನೂರು ಉಳಿಸಿದರೆ ಊರಿನಲ್ಲಿ ನೂರು. ವಿನಿಮಯ ದರದ ಗೊಡವೆಯೇ ಇರಲಿಲ್ಲ.

ಹತ್ತು ತೊಲದ ಗಟ್ಟಿ

ಗೊಡವೆ ಹುಟ್ಟಿದ್ದು ಚಿನ್ನದಿಂದ. ಭಾರತ ಚಿನ್ನದ ಆಮದನ್ನು ತಡೆದಿತ್ತು. ಮನೆಮನೆಯ ಮದುವೆಗೆ ಮಾತ್ರ ಚಿನ್ನ ಬೇಕೇ ಬೇಕು. ಕೋಲಾರದ ಗಣಿಗಳಿಂದ ಬರುತ್ತಿದ್ದ ಚಿನ್ನ ಈ ಹಸಿವಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಜಗತ್ತಿನ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್; ಅಂದರೆ ಆಗಿನ ಲೆಕ್ಕದಲ್ಲಿ 10 ಗ್ರಾಂಗೆ 53 ರೂಪಾಯಿ 58 ಪೈಸೆ. ಮುಂಬಯಿಯ ಪೇಟೆಯಲ್ಲಿ ಅದೇ 10 ಗ್ರಾಂ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಒಂದಕ್ಕೆ ಎರಡು ಸಿಗುವ ಕಡೆ ಸಮುದ್ರ ದಾಟುವವರಿಗೆ ಬರವೇ?

ಲಂಡನ್ನಿನಿಂದ ದುಬೈಗೆ ಚಿನ್ನ ಬರುವುದು ಪೂರ್ತಿ ಕಾನೂನುಬದ್ಧ ವ್ಯಾಪಾರ. ದುಬೈನಲ್ಲಿ ಅದರ ಮೇಲೆ ನಿರ್ಬಂಧವಿರಲಿಲ್ಲ. ಭಾರತದ ಪೇಟೆಗೆಂದೇ ಹತ್ತು ತೊಲದ, ಬೆರಳುದ್ದದ ಗಟ್ಟಿಗಳನ್ನು ಎರಕ ಹೊಯ್ಯುತ್ತಿದ್ದರು. ಮೈಗೆ ಅಂಟುವಂತೆ ಹೊಲಿದ ಕ್ಯಾನ್ವಾಸ್ ಜಾಕೆಟ್‌ನ ಸಣ್ಣ ಸಣ್ಣ ಜೇಬುಗಳಲ್ಲಿ ಒಂದೊಂದು ಗಟ್ಟಿ. ಅಂಥ ನೂರು ಗಟ್ಟಿ ತುಂಬಿದರೆ ಹನ್ನೊಂದೂವರೆ ಕಿಲೋಗೂ ಮೇಲೆ. ಮಂಜಿಗಳು ಪಶ್ಚಿಮ ಕರಾವಳಿಯ ಸಮೀಪ ಬಂದು ಮೀನುಗಾರರ ದೋಣಿಗಳಿಗೆ ಸರಕು ದಾಟಿಸಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೆಲಸ ಇನ್ನೂ ಚತುರವಾದದ್ದು. ಚಿನ್ನ ಮಾರಿ ಬಂದ ರೂಪಾಯಿ ನೋಟಿನ ಕಂತೆಗಳು ಅದೇ ಮಂಜಿಗಳಲ್ಲಿ ಕೊಲ್ಲಿಗೆ ಹೋಗುತ್ತಿದ್ದವು. ಅಲ್ಲಿ ರೂಪಾಯಿಯೇ ಅಧಿಕೃತ ಹಣ, ಆದ್ದರಿಂದ ಬ್ಯಾಂಕಿನವರು ಮರುಮಾತಿಲ್ಲದೆ ಜಮಾ ಮಾಡಿಕೊಳ್ಳುತ್ತಿದ್ದರು. ಬ್ಯಾಂಕುಗಳು ಆ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಒಪ್ಪಿಸಿ ಪೌಂಡ್ ಕೇಳುತ್ತಿದ್ದವು. ತನ್ನದೇ ನೋಟು, ಕೊಡುವುದಿಲ್ಲ ಎನ್ನಲು ರಿಸರ್ವ್ ಬ್ಯಾಂಕಿಗೆ ಬಾಯಿಲ್ಲ. ಆ ಪೌಂಡಿನಿಂದ ಲಂಡನ್ನಿನಲ್ಲಿ ಮತ್ತೆ ಚಿನ್ನ. ಹೀಗೆ ಭಾರತ ತನಗೆ ಬರುವ ಕಳ್ಳ ಚಿನ್ನಕ್ಕೆ ತಾನೇ ವಿದೇಶಿ ವಿನಿಮಯ ಒದಗಿಸುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಕೂಡಿಬಿದ್ದ ಪೌಂಡಿನ ಗಂಟು ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರಗಳಿಗಾಗಿ ಕರಗುತ್ತಿದ್ದ ಸಮಯ ಅದು. 1957-58ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಿಗಡಾಯಿಸಿ, 1958ರಲ್ಲಿ ಸಾಲ ಕೊಡುವ ದೇಶಗಳ ಕೂಟವೇ ಸೇರಬೇಕಾಯಿತು. ಕೊಲ್ಲಿಯ ತೂತು ಮುಚ್ಚದೆ ಗತ್ಯಂತರವಿರಲಿಲ್ಲ. 1959ರ ಮೇ 1ರಂದು ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿ ತಂದು, ಭಾರತದ ಹೊರಗೆ ಮಾತ್ರ ನಡೆಯುವ ಪ್ರತ್ಯೇಕ ನೋಟುಗಳನ್ನು ಹೊರಡಿಸಲಾಯಿತು. ಒಂದು, ಐದು, ಹತ್ತು, ನೂರು ರೂಪಾಯಿಯವು. ಗಡುವಿನೊಳಗೆ ಹಳೆಯ ನೋಟು ಕೊಟ್ಟು ಹೊಸದು ಪಡೆಯಬೇಕು. ಆಮೇಲೆ ಮುಂಬಯಿಯಿಂದ ಹೋದ ನೋಟಿಗೆ ಅಲ್ಲಿ ಬೆಲೆಯಿಲ್ಲ. ಹಜ್ ಯಾತ್ರಿಕರಿಗೂ ಇಂಥದೇ ಬೇರೆ ನೋಟುಗಳನ್ನು ಮಾಡಿದರು.

ಕಳ್ಳಸಾಗಣೆ ನಿಂತಿತೇ? ಇಲ್ಲ. ದಾರಿ ಬದಲಿಸಿತು. ನೋಟಿನ ಬದಲು ಮುಂದೆ ಬೆಳ್ಳಿ ಆ ಕಡೆಗೆ ಹೋಗತೊಡಗಿತು. ಅದಕ್ಕಿಂತ ಮುಖ್ಯವಾದದ್ದು ಹವಾಲಾ. ಕೊಲ್ಲಿಯಲ್ಲಿ ದುಡಿಯುವವನು ತನ್ನ ಉಳಿತಾಯವನ್ನು ಅಲ್ಲೇ ದಲ್ಲಾಳಿಯ ಕೈಗೆ ಕೊಡುತ್ತಾನೆ. ಬ್ಯಾಂಕಿಗಿಂತ ಒಳ್ಳೆಯ ದರದಲ್ಲಿ ಊರಿನ ಮನೆಬಾಗಿಲಿಗೆ ರೂಪಾಯಿ ತಲುಪುತ್ತದೆ. ದಲ್ಲಾಳಿಗೆ ಸಿಕ್ಕ ಹಣ ಚಿನ್ನಕ್ಕೆ ಬಂಡವಾಳ. ಮನೆಗೆ ತಲುಪಿದ ರೂಪಾಯಿ ಚಿನ್ನ ಮಾರಿದ ದುಡ್ಡು. ನೋಟು ಸಮುದ್ರ ದಾಟುವ ಅಗತ್ಯವೇ ಉಳಿಯಲಿಲ್ಲ. ದೆಹಲಿ ರೂಪಾಯಿಗೆ ಕಟ್ಟಿದ ಬೆಲೆಯನ್ನು ಪೇಟೆ ನಂಬುತ್ತಿಲ್ಲ ಎಂಬುದಕ್ಕೆ ಈ ವ್ಯವಹಾರವೇ ಪುರಾವೆಯಾಗಿತ್ತು.

ಒಬ್ಬೊಬ್ಬರಾಗಿ ಕೈಬಿಟ್ಟವರು

ಗಲ್ಫ್ ರೂಪಾಯಿಯಿಂದ ಮೊದಲು ಹೊರನಡೆದದ್ದು ಕುವೈತ್. 1961ರ ಏಪ್ರಿಲ್ 1ರಂದು ಅದು ತನ್ನದೇ ದಿನಾರ್ ತಂದಿತು. ಒಂದು ದಿನಾರ್‌ಗೆ ಒಂದು ಪೌಂಡ್, ಅಂದರೆ 13 ರೂಪಾಯಿ 33 ಪೈಸೆ. ಎರಡೂವರೆ ತಿಂಗಳ ನಂತರ ಜೂನ್ 19ರಂದು ಸ್ವಾತಂತ್ರ್ಯ. ಹಣ ಮೊದಲು, ಧ್ವಜ ಆಮೇಲೆ. ಬೇರೊಬ್ಬರ ನೋಟು ಬಳಸುವ ದೇಶ ಆ ನೋಟಿಗೆ ಬೆಲೆಬಾಳುವ ವಿದೇಶಿ ಹಣವನ್ನೋ ಸರಕನ್ನೋ ಕೊಡಬೇಕು. ಅದರಿಂದ ಬರುವ ಬಡ್ಡಿಯ ಲಾಭ ನೋಟು ಅಚ್ಚು ಹಾಕಿದವರಿಗೆ. ತೈಲದಿಂದ ಪೌಂಡು ಹರಿದುಬರುತ್ತಿದ್ದ ಕುವೈತ್‌ಗೆ ಆ ಲಾಭವನ್ನು ಮುಂಬಯಿಗೆ ಬಿಟ್ಟುಕೊಡುವ ದರ್ದು ಉಳಿದಿರಲಿಲ್ಲ.

1965ರ ಅಕ್ಟೋಬರ್‌ನಲ್ಲಿ ಬಹರೇನ್ ತನ್ನ ದಿನಾರ್ ತಂದಿತು. ಹತ್ತು ರೂಪಾಯಿಗೆ ಒಂದು ದಿನಾರ್, ಅಂಗಡಿಯವನಿಗೂ ಸುಲಭದ ಲೆಕ್ಕ. 1966ರ ಮಾರ್ಚ್ 21ರಂದು ಕತಾರ್ ಮತ್ತು ದುಬೈ ಇಬ್ಬರೂ ಸೇರಿ ಒಂದೇ ಹಣ ಹೊರಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ನೋಟು ಅಚ್ಚಾಗಿ ಬರುವ ಮೊದಲೇ ದೆಹಲಿಯಿಂದ ಸಿಡಿಲು ಬಡಿಯಿತು.

ಆರನೇ ತಿಂಗಳ ಆರನೇ ತಾರೀಖು

1962ರಲ್ಲಿ ಚೀನಾದೊಡನೆ ಯುದ್ಧ, 1965ರಲ್ಲಿ ಪಾಕಿಸ್ತಾನದೊಡನೆ. ಯುದ್ಧದ ಕಾರಣಕ್ಕೆ ಅಮೆರಿಕ ನೆರವು ನಿಲ್ಲಿಸಿತು. ಅದೇ ವರ್ಷ ಮಳೆ ಕೈಕೊಟ್ಟಿತು. ಹಡಗಿನಲ್ಲಿ ಬರುವ ಅಮೆರಿಕದ ಗೋಧಿಗೆ ದೇಶ ಕಾದು ಕೂತಿತು. ನೆರವು ಮತ್ತೆ ಶುರುವಾಗಬೇಕಾದರೆ ರೂಪಾಯಿಯ ಬೆಲೆ ಇಳಿಸಿ ಎಂದು ವಿಶ್ವ ಬ್ಯಾಂಕ್ ಒತ್ತಿತು. ರೂಪಾಯಿಗೆ ಇರುವುದಕ್ಕಿಂತ ಹೆಚ್ಚಿನ ಬೆಲೆ ಕಟ್ಟಲಾಗಿದೆ ಎಂಬ ವಾದ ಹೊಸದೇನೂ ಆಗಿರಲಿಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ವರ್ಷಗಳಿಂದ ಅದನ್ನೇ ಹೇಳುತ್ತಿದ್ದರು. 1955ರಲ್ಲಿ ಎರಡನೇ ಯೋಜನೆಯ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದು, ನೋಟು ಅಚ್ಚು ಹಾಕಿ ಯೋಜನೆ ನಡೆಸುವುದು ಅಪಾಯ ಎಂದು ಎಚ್ಚರಿಸಿದವರು ಅವರು. ಆಗ ಯಾರೂ ಕಿವಿಗೊಡಲಿಲ್ಲ.

1966ರ ಜೂನ್ 5, ಭಾನುವಾರ. ಇಂದಿರಾ ಗಾಂಧಿ ಪ್ರಧಾನಿಯಾಗಿ ಐದು ತಿಂಗಳೂ ತುಂಬಿರಲಿಲ್ಲ. ಅಂದು ರಾತ್ರಿ ಹಣಕಾಸು ಸಚಿವ ಸಚೀಂದ್ರ ಚೌಧುರಿ ಅಪಮೌಲ್ಯವನ್ನು ಪ್ರಕಟಿಸಿದರು. ಸೋಮವಾರ ಬೆಳಗಾಗುವಷ್ಟರಲ್ಲಿ ಡಾಲರ್ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ, ಪೌಂಡ್ 13 ರೂಪಾಯಿ 33 ಪೈಸೆಯಿಂದ 21 ರೂಪಾಯಿಗೆ ಏರಿತ್ತು. ಚಿನ್ನದ ಲೆಕ್ಕದಲ್ಲಿ ರೂಪಾಯಿ ಶೇ. 36.5ರಷ್ಟು ಕುಸಿದಿತ್ತು.

ದೇಶದೊಳಗಿನ ರಾದ್ಧಾಂತ ಎಲ್ಲರಿಗೂ ಗೊತ್ತಿರುವಂಥದ್ದು. ಕಾಂಗ್ರೆಸ್ ಅಧ್ಯಕ್ಷ ಕಾಮರಾಜ್ ಅವರೇ ಸಿಟ್ಟಾದರು. ಎದುರು ನೋಡಿದಷ್ಟು ವಿದೇಶಿ ನೆರವು ಬರಲಿಲ್ಲ, ಮತ್ತೊಂದು ಬರ ಬಂತು, ಬೆಲೆ ಏರಿತು. 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಹಲವು ರಾಜ್ಯಗಳನ್ನು ಕಳೆದುಕೊಂಡಿತು. ಗಡಿಯಾಚೆ ಆದದ್ದು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಕಡಿಮೆ.

ಕೊಲ್ಲಿಯಲ್ಲಿ ಗಲ್ಫ್ ರೂಪಾಯಿ ಕೈಯಲ್ಲಿದ್ದವನಿಗೆ ಆ ಸೋಮವಾರದ ಅರ್ಥ ಸರಳ. ಅವನು ಭಾರತದ ಪ್ರಜೆಯಲ್ಲ; ಅವನ ಶೇಖನನ್ನು ಯಾರೂ ಸಲಹೆ ಕೇಳಿರಲಿಲ್ಲ. ಆದರೂ ಅವನ ಪೆಟ್ಟಿಗೆಯಲ್ಲಿದ್ದ ನೋಟಿಗೆ ಲಂಡನ್ನಿನಲ್ಲಿ ಸಿಗುವ ಸರಕು ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಗ್ಗಿತ್ತು. ಕತಾರ್, ದುಬೈ ಮತ್ತು ಅಕ್ಕಪಕ್ಕದ ಸಣ್ಣ ಸಂಸ್ಥಾನಗಳು ತಾತ್ಕಾಲಿಕವಾಗಿ ಸೌದಿ ರಿಯಾಲ್‌ಗೆ ಹಾರಿದವು. ಅಬುಧಾಬಿ ಬಹರೇನ್ ದಿನಾರ್ ಹಿಡಿಯಿತು. ಸೆಪ್ಟೆಂಬರ್‌ನಲ್ಲಿ ಕತಾರ್-ದುಬೈ ರಿಯಾಲ್ ಬಂತು. ಅದರ ಬೆಲೆ 0.186621 ಗ್ರಾಂ ಚಿನ್ನ. ಅದು ಜೂನ್ 5ರವರೆಗೆ ಭಾರತದ ಒಂದು ರೂಪಾಯಿಗಿದ್ದ ಬೆಲೆ, ದಶಾಂಶದ ಕೊನೆಯ ಅಂಕಿಯವರೆಗೂ ಅದೇ. ದೆಹಲಿ ಇಳಿಸಿದ್ದನ್ನು ದೋಹಾ ಮತ್ತು ದುಬೈ ಒಪ್ಪಲಿಲ್ಲ. ಹಳೆಯ ರೂಪಾಯಿಯನ್ನು ಹೊಸ ಹೆಸರಿನಲ್ಲಿ ಉಳಿಸಿಕೊಂಡವು. ಒಮಾನ್ ಮಾತ್ರ 1970ರವರೆಗೆ ಗಲ್ಫ್ ರೂಪಾಯಿಯಲ್ಲೇ ದಿನ ದೂಡಿ ಆಮೇಲೆ ತನ್ನ ರಿಯಾಲ್ ತಂದಿತು.

ಒಂದೇ ದಿನ, ಎರಡು ಲೆಕ್ಕ

ದುಡಿಯುವವರ ಪಾಡೇನು? ಇಲ್ಲಿ ಎರಡು ದಿಕ್ಕಿನಲ್ಲಿ ನೋಡಬೇಕು.

ಕುವೈತ್‌ನಲ್ಲಿ ದಿನಾರ್ ಸಂಬಳ ಪಡೆಯುತ್ತಿದ್ದ ಭಾರತೀಯ ಗುಮಾಸ್ತನೊಬ್ಬ ತಿಂಗಳಿಗೆ 30 ದಿನಾರ್ ಮನೆಗೆ ಕಳಿಸುತ್ತಿದ್ದ ಎಂದುಕೊಳ್ಳೋಣ. ಶನಿವಾರ ಅದು 400 ರೂಪಾಯಿ. ಸೋಮವಾರ 630. ದುಡಿಮೆ ಅಷ್ಟೇ, ಸಂಬಳ ಅಷ್ಟೇ, ಮನೆಗೆ ಹೋಗುವ ಹಣ ಮಾತ್ರ ಒಂದೂವರೆ ಪಟ್ಟಿಗೂ ಮೇಲೆ. ಬಹರೇನ್‌ನ ಒಂದು ದಿನಾರ್ 10 ರೂಪಾಯಿಯಿಂದ 15 ರೂಪಾಯಿ 75 ಪೈಸೆಗೆ ಹೋಯಿತು. ಬ್ಯಾಂಕಿನ ದರ ಹವಾಲಾದವನ ದರದ ಹತ್ತಿರ ಬಂದದ್ದು ಇನ್ನೊಂದು ಫಲ. ಐದು ವರ್ಷ ಮೊದಲು ಇದೇ ಗುಮಾಸ್ತನ ಸಂಬಳ ರೂಪಾಯಿಯಲ್ಲಿತ್ತು. ಕುವೈತ್ ದಿನಾರ್ ತರದೆ ಇದ್ದಿದ್ದರೆ ಊರಿಗೆ ಹೋಗುವ ಹಣದಲ್ಲಿ ಅವನಿಗೆ ಒಂದು ಪೈಸೆಯೂ ಹೆಚ್ಚು ಸಿಗುತ್ತಿರಲಿಲ್ಲ, ಕುವೈತ್‌ನ ಅಂಗಡಿಯಲ್ಲಿ ವಿದೇಶಿ ಸರಕಿನ ಬೆಲೆ ಮಾತ್ರ ಏರುತ್ತಿತ್ತು. ಸಂಬಳ ಯಾವ ಹಣದಲ್ಲಿ ಬರುತ್ತದೆ ಎಂಬುದು ಸಂಬಳ ಎಷ್ಟು ಎಂಬುದರಷ್ಟೇ ಮುಖ್ಯ ಎಂದು ಗಲ್ಫ್‌ಗೆ ಹೋದವರು ಕಲಿತದ್ದು ಆಗ.

ಈಗ ಉತ್ತರಕ್ಕೆ ತಿರುಗೋಣ. ನೇಪಾಳದ ಬೆಟ್ಟದ ಹಳ್ಳಿಗಳಿಂದ ಗಂಡಸರು ಭಾರತಕ್ಕೆ ಬಂದು ಕಾವಲು ಕಾಯುವುದು, ಹೊರೆ ಹೊರುವುದು, ಸೇನೆ ಸೇರುವುದು ಬಹಳ ಹಿಂದಿನ ರೂಢಿ. ಭಾರತೀಯ ಸೇನೆಯ ಗೂರ್ಖಾ ಪಡೆಗಳ ಸಂಬಳವೂ ಪಿಂಚಣಿಯೂ ಭಾರತದ ರೂಪಾಯಿಯಲ್ಲಿ. ನೇಪಾಳದ ತರಾಯಿ ಬಯಲಿನ ಪೇಟೆಗಳಲ್ಲಿ ನಮ್ಮ ನೋಟು ಅವರ ನೋಟಿಗಿಂತ ಹೆಚ್ಚು ಓಡಾಡುತ್ತಿದ್ದ ಕಾಲವಿತ್ತು. 1956ರಲ್ಲಿ ನೇಪಾಳ ರಾಷ್ಟ್ರ ಬ್ಯಾಂಕ್ ಸ್ಥಾಪಿಸಿ, ತಮ್ಮ ಹಣಕ್ಕೆ ಒಂದು ನೆಲೆ ಕೊಡುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. 1960ರಲ್ಲಿ 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂದು ದರ ಕಟ್ಟಿದರು.

1966ರ ಜೂನ್ 6ರಂದು ನೇಪಾಳ ಭಾರತವನ್ನು ಹಿಂಬಾಲಿಸಲಿಲ್ಲ. ಡಾಲರಿನೆದುರು ತನ್ನ ಬೆಲೆ ಉಳಿಸಿಕೊಂಡಿತು. ಸ್ವಾಭಿಮಾನದ ನಡೆಯೇ ಸರಿ. ಆದರೆ ಪರಿಣಾಮ? 160 ಇದ್ದ ದರ ಒಂದೇ ಏಟಿಗೆ ಸುಮಾರು 101ಕ್ಕೆ ಬಂತು. ಕಲ್ಕತ್ತೆಯಲ್ಲಿ ಕಾವಲು ಕಾಯುತ್ತಿದ್ದವನು ಕಳಿಸಿದ ನೂರು ರೂಪಾಯಿಗೆ ಹಳ್ಳಿಯ ಮನೆಯಲ್ಲಿ 59 ನೇಪಾಳಿ ರೂಪಾಯಿ ಕಡಿಮೆ. ಪಿಂಚಣಿದಾರ ಸೈನಿಕನಿಗೂ ಅದೇ ಕತೆ. ಭಾರತದ ಬಟ್ಟೆ, ಸೀಮೆಎಣ್ಣೆ ಅಗ್ಗವಾಗಿ ಸ್ವಲ್ಪ ಸಮಾಧಾನ ಸಿಕ್ಕಿರಬಹುದು. ಊರಿನ ಸಾಲ, ಗೇಣಿ, ಕಂದಾಯ ಮಾತ್ರ ನೇಪಾಳಿ ರೂಪಾಯಿಯಲ್ಲೇ ಕಟ್ಟಬೇಕಿತ್ತು. ತರಾಯಿಯ ಭತ್ತ ಬೆಳೆಗಾರನಿಗೆ ಇನ್ನೂ ಕಷ್ಟ. ಅವನ ಅಕ್ಕಿಗೆ ಭಾರತವೇ ಗಿರಾಕಿ. ಭಾರತದ ಪೇಟೆಯಲ್ಲಿ ಬಂದ ಹಣವನ್ನು ತನ್ನ ಹಣಕ್ಕೆ ಬದಲಿಸಿದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಾಯ.

ಒಂದೂವರೆ ವರ್ಷ ನೇಪಾಳ ತಡೆದುಕೊಂಡಿತು. 1967ರ ನವೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡನ್ನೇ ಶೇ. 14.3ರಷ್ಟು ಇಳಿಸಿತು. ಸಿಲೋನ್ ತನ್ನ ರೂಪಾಯಿಯನ್ನು ಶೇ. 20ರಷ್ಟು ಇಳಿಸಿತು. ಡಿಸೆಂಬರ್‌ನಲ್ಲಿ ನೇಪಾಳವೂ ಇಳಿಸಿತು. 100 ಭಾರತೀಯ ರೂಪಾಯಿಗೆ 135 ಎಂಬ ದರ ಬಂತು. ಆಮೇಲೆ ಹಲವು ಸಲ ಮೇಲೆ ಕೆಳಗೆ ಆಗಿ, 1993ರಲ್ಲಿ ಮತ್ತೆ ಮೊದಲಿನ 160ಕ್ಕೇ ಬಂದು ನಿಂತಿತು. ಇಂದಿಗೂ ಅದೇ ದರ. ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ದುಡಿಯುವ ನೇಪಾಳಿಗಳು ಮನೆಗೆ ಹಣ ಕಳಿಸುವಾಗ ದರ ಏನೆಂದು ಕೇಳಬೇಕಿಲ್ಲ. ಅದರ ಇನ್ನೊಂದು ಮುಖವೂ ಇದೆ: ಡಾಲರಿನೆದುರು ನಮ್ಮ ರೂಪಾಯಿ ಬಿದ್ದಾಗಲೆಲ್ಲ ಅವರ ರೂಪಾಯಿಯೂ ಬೀಳುತ್ತದೆ, ಅದರಲ್ಲಿ ಕಾಠ್ಮಂಡುವಿನ ಕೈ ಏನೂ ಇರುವುದಿಲ್ಲ.

ಹೇಳಬೇಕಾದ ಮಾತು

ಒಂದೇ ನಿರ್ಧಾರ ಒಬ್ಬ ವಲಸೆಗಾರನ ಮನೆಗೆ ಹೋಗುವ ಹಣವನ್ನು ಹಿಗ್ಗಿಸಿತು, ಇನ್ನೊಬ್ಬನದನ್ನು ಕುಗ್ಗಿಸಿತು. ಇಬ್ಬರೂ ಅದಕ್ಕಾಗಿ ಏನನ್ನೂ ಮಾಡಿರಲಿಲ್ಲ. ಕುವೈತ್‌ನಂಥ ಶ್ರೀಮಂತ ನೆರೆಗೆ ಸ್ವಂತ ಹಣ ಮಾಡಿಕೊಂಡು ದೂರ ಸರಿಯುವ ಶಕ್ತಿಯಿತ್ತು, ಅದು ಸರಿಯಿತು. ವ್ಯಾಪಾರದ ಬಹುಪಾಲನ್ನು ಭಾರತದೊಡನೆಯೇ ಮಾಡಬೇಕಾದ ನೇಪಾಳ ಹಿಂಬಾಲಿಸದೆಯೂ ನೋಡಿತು, ಹಿಂಬಾಲಿಸಿಯೂ ನೋಡಿತು. ಹಿಂಬಾಲಿಸದಿದ್ದಾಗ ಏಟು ತಿಂದದ್ದು ಅದರ ಕೂಲಿಯವರು, ರೈತರು.

ನಮ್ಮವರಿಗೆ ಸಿಕ್ಕ ಲಾಭವನ್ನೂ ಪೂರ್ತಿ ಲಾಭ ಎನ್ನಲಾಗದು. 1973ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ ದಿರ್ಹಮ್ ತಂದಾಗ ಅದನ್ನು ಕತಾರ್-ದುಬೈ ರಿಯಾಲ್‌ಗೆ ಸಮವಾಗಿಯೇ ಇಟ್ಟಿತು. ಅಂದರೆ ದಿರ್ಹಮ್ ಅಪಮೌಲ್ಯಕ್ಕೆ ಮುಂಚಿನ ನಮ್ಮದೇ ರೂಪಾಯಿಯ ಬೆಲೆಯ ವಾರಸುದಾರ. ಇವತ್ತು ಒಂದು ದಿರ್ಹಮ್‌ಗೆ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ. ರೂಪಾಯಿ ಬಿದ್ದ ದಿನ ಕರಾವಳಿಯ ಮನೆಗಳಿಗೆ ಗಲ್ಫ್‌ನಿಂದ ನಾಲ್ಕು ಕಾಸು ಹೆಚ್ಚು ಬರುವುದು ನಿಜ. ಅದೇ ರೂಪಾಯಿಯಲ್ಲಿ ಕೂಲಿ ಪಡೆದು, ಆಮದಾದ ಎಣ್ಣೆಯನ್ನು ಏರಿದ ಬೆಲೆಗೆ ಕೊಳ್ಳುವ ಪಕ್ಕದ ಮನೆಯವರಿಗೆ ಅಂದು ಸಿಗುವುದು ಖರ್ಚು ಮಾತ್ರ. ವಿನಿಮಯ ದರದ ಸುದ್ದಿ ಓದುವಾಗ ಈ ಎರಡೂ ಮನೆಗಳ ಲೆಕ್ಕವನ್ನು ಒಟ್ಟಿಗೆ ಹಾಕಬೇಕು. ಸಾಧ್ಯವಾದರೆ ನೇಪಾಳದ ಆ ಮೂರನೇ ಮನೆಯದನ್ನೂ.